ಸುಮ್ಮನಿರುವವರ ಸೇವೆ

2004ರ ಡಿಸೆಂಬರ್ 26, ಭಾನುವಾರ. ಬೆಳಗಿನ ಆರೂವರೆ. ಪೋರ್ಟ್ ಬ್ಲೇರ್‌ನ ಹೋಟೆಲೊಂದರಲ್ಲಿ ಭಾರತಿ ಪ್ರಸಾದ್ ರೇಡಿಯೊ ಮುಂದೆ ಕೂತಿದ್ದಾರೆ. ಕಾಲ್ ಸೈನ್ ವಿಯು4ಆರ್‌ಬಿಐ. 1987ರ ಬಳಿಕ ಅಂಡಮಾನಿನಿಂದ ಹವ್ಯಾಸಿ ರೇಡಿಯೊಗಾರರ, ಅಂದರೆ ಹ್ಯಾಮ್‌ಗಳ ದನಿ ಹೊರಟಿರಲೇ ಇಲ್ಲ. ಹಾಗಾಗಿ ಆ ದ್ವೀಪದ ಹೆಸರು ತಮ್ಮ ಲಾಗ್‌ಬುಕ್ಕಿಗೂ ಬೀಳಲೆಂದು ದೇಶದೇಶಗಳ ಹ್ಯಾಮ್‌ಗಳು ಮುಗಿಬಿದ್ದು ಕೂಗುತ್ತಿದ್ದ ದಿನಗಳವು. ಅಷ್ಟರಲ್ಲಿ ನೆಲ ನಡುಗಿತು. ಹಿಂದೆಯೇ ಕಡಲು ಏರಿ ಬಂತು.

ಕರೆಂಟು ಹೋಯಿತು, ಫೋನುಗಳು ಸತ್ತವು. ಜನರೇಟರ್ ಬಲದಲ್ಲಿ ರಿಗ್, ಅಂದರೆ ರೇಡಿಯೊ ಸೆಟ್ಟು, ಮತ್ತೆ ಉಸಿರಾಡಿತು. 14.190 ಮೆಗಾಹರ್ಟ್ಸ್‌ನಲ್ಲಿ ತುರ್ತು ನೆಟ್, ಅಂದರೆ ಹಲವರು ಸರದಿಯಲ್ಲಿ ಮಾತಾಡುವ ಕೂಟ, ಶುರುವಾಯಿತು. ಈ ಬ್ಯಾಂಡಿಗೆ ಹತ್ತು ಮೀಟರ್ ತಂತಿಯ ಆಂಟೆನಾ ಸಾಕು. ಅಲೆ ಅಯಾನುಗೋಳಕ್ಕೆ ತಾಗಿ, ಬಾಗಿ, ಮುಖ್ಯಭೂಮಿಗೆ ಇಳಿಯುತ್ತದೆ. ನಡುವೆ ಟವರ್ ಬೇಡ, ಕೇಬಲ್ ಬೇಡ.

ಬೇಕಾದದ್ದು ಶಿಸ್ತು. ಒಂದೇ ಆವರ್ತನದಲ್ಲಿ ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರ ಮಾತೂ ಕಲಸಿಹೋಗುತ್ತದೆ. ಅದಕ್ಕೇ ನೆಟ್ ಕಂಟ್ರೋಲ್ ಎಂಬ ಯಜಮಾನಿಕೆ. ಎದುರಿಗೆ ಹಾಳೆ, ಗಡಿಯಾರ, ಪೆನ್ಸಿಲ್. ಸಂದೇಶಕ್ಕೆ ಇಲ್ಲಿ ಟ್ರಾಫಿಕ್ ಎಂದು ಹೆಸರು. ಮೊದಲ ಪ್ರಶ್ನೆ, "ಎಮರ್ಜೆನ್ಸಿ ಟ್ರಾಫಿಕ್ ಯಾರಲ್ಲಿದೆ?" ಜೀವದ ಮಾತು ಮುಂದೆ, ಔಷಧಿ, ದೋಣಿಯ ಮಾತು ಆಮೇಲೆ, ಕ್ಷೇಮಸಮಾಚಾರ ಕೊನೆಗೆ. ಬರೆದುಕೊಳ್ಳುವ ಕೈಯ ವೇಗಕ್ಕೆ ಮಾತು ಇಳಿಯುತ್ತದೆ. ಹೆಸರನ್ನು ಅಕ್ಷರ ಬಿಡಿಸಿ, ಸಂಖ್ಯೆಯನ್ನು ಅಂಕೆ ಅಂಕೆಯಾಗಿ ತಿರುಗಿ ಓದಿಸಿದ ಮೇಲಷ್ಟೇ "ರೋಜರ್". ಇಬ್ಬರದು ಉದ್ದದ ವ್ಯವಹಾರವಾದರೆ ಐದು ಕಿಲೋಹರ್ಟ್ಸ್ ಆಚೆ ಕಳಿಸಿ, ನೆಟ್‌ನ ದಾರಿ ತೆರವು.

ಮತ್ತೆ ಉಳಿದವರು? ಅವರ ಕೆಲಸವೇ ಈ ಚಿತ್ರದ ದೊಡ್ಡ ಭಾಗ. ಹಿಂದಿನ ದಿನದವರೆಗೂ ಅಂಡಮಾನಿನ ಒಂದೇ ಒಂದು ಉತ್ತರಕ್ಕೆ ಹಪಹಪಿಸಿದವರು ಈಗ ಅದೇ ದನಿಯನ್ನು ಸ್ಪಷ್ಟವಾಗಿ ಕೇಳುತ್ತಲೂ ಮೈಕಿನ ಗುಂಡಿ ಒತ್ತಬಾರದು. ಆಸೆ ಅದುಮಿ ದಾರಿ ಬಿಡುವುದೂ ಸೇವೆಯೇ. ಅತ್ತ ಕಾರ್ ನಿಕೋಬಾರ್‌ಗೂ ಹ್ಯಾಮ್‌ಗಳು ರಿಗ್ ಹೊತ್ತು ಹೋದರು. ಇತ್ತ ಮುಖ್ಯಭೂಮಿಯಲ್ಲಿ ಕಾತರಿಸುತ್ತಿದ್ದ ಮನೆಗಳಿಗೆ 'ಕ್ಷೇಮ' ಎಂಬ ಸುದ್ದಿ ಹರಿಯಿತು. ಸಂಬಳವಿಲ್ಲ, ಹ್ಯಾಮ್ ತನ್ನ ರೇಡಿಯೊದಿಂದ ಕಾಸು ಗಳಿಸುವುದಕ್ಕೆ ನಿಯಮವೇ ಅಡ್ಡ.

ಈ ಪಳಗಿಕೆ ಆಪತ್ತಿನ ದಿನ ಬರುವುದಲ್ಲ. ಏನೂ ನಡೆಯದ ಬೆಳಗುಗಳಲ್ಲಿ 7 ಮೆಗಾಹರ್ಟ್ಸ್‌ನ ಕರಕರ ಸದ್ದಿನ ನಡುವೆ ಹಾಜರಿ ಕರೆಯುತ್ತಾರೆ. ಒಬ್ಬೊಬ್ಬರೂ ಕಾಲ್ ಸೈನ್ ಹೇಳಿ, "ಟ್ರಾಫಿಕ್ ಇಲ್ಲ" ಎಂದು ಸರಿಯುತ್ತಾರೆ. ಹನ್ನೆರಡು ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ಪರೀಕ್ಷೆಯಲ್ಲಿ ಸರ್ಕ್ಯೂಟು, ನಿಯಮ ಕೇಳುತ್ತಾರೆ. ಗುಂಡಿ ಯಾವಾಗ ಒತ್ತಬಾರದು ಎಂಬುದನ್ನು ಕಲಿಸುವುದು ಮಾತ್ರ ಈ ಬೇಸರದ ಹಾಜರಿಯೇ.