ಸ್ತನ ಕ್ಯಾನ್ಸರ್ ಚಿಕಿತ್ಸೆ ಮತ್ತು ದಾಂಪತ್ಯ

ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಮನೆಗೆ ಮರಳಿದ ಮಹಿಳೆಯನ್ನು ಬಂಧುಬಳಗದವರು ಊಟ, ನಿದ್ರೆ, ಮತ್ತೆ ಚಿಗುರುತ್ತಿರುವ ಕೂದಲು ಇವುಗಳ ಬಗ್ಗೆ ವಿಚಾರಿಸುತ್ತಾರೆ. ದಾಂಪತ್ಯದ ಬಗ್ಗೆ ಯಾರೂ ಕೇಳುವುದಿಲ್ಲ, ಆಕೆಯೂ ಹೇಳುವುದಿಲ್ಲ. ಆಸ್ಪತ್ರೆಯ ಗದ್ದಲದಲ್ಲಿ, ಮಗನೋ ಮೈದುನನೋ ಪಕ್ಕದಲ್ಲಿ ನಿಂತಿರುವಾಗ, ವೈದ್ಯರೂ ಆ ಮಾತೆತ್ತುವುದು ಅಪರೂಪ. ಈ ಮೌನದ ಹಾನಿ ಸಣ್ಣದಲ್ಲವಾದುದರಿಂದ ಈ ತಿಂಗಳು ನಾವು ಅದನ್ನೇ ವಿಷಯವಾಗಿ ಎತ್ತಿಕೊಂಡಿದ್ದೇವೆ.

ಲೈಂಗಿಕ ಆಸಕ್ತಿ ಕುಂದುವುದು ಪತಿಯ ಮೇಲಿನ ಪ್ರೀತಿ ಕಡಿಮೆಯಾದುದರ ಗುರುತಲ್ಲ. ಅದಕ್ಕೆ ಶರೀರದಲ್ಲಿಯೇ ಕಾರಣಗಳಿವೆ. ಕಿಮೋಥೆರಪಿಯು ಅಂಡಾಶಯಗಳ ಕೆಲಸವನ್ನು ಕುಗ್ಗಿಸುವುದರಿಂದ 35–40ರ ಪ್ರಾಯದಲ್ಲಿಯೇ ಮುಟ್ಟು ನಿಲ್ಲಬಹುದು. ಕೆಲವರಲ್ಲಿ ತಾತ್ಕಾಲಿಕವಾಗಿ, ಕೆಲವರಲ್ಲಿ ಶಾಶ್ವತವಾಗಿ. ಸಹಜ ಋತುಬಂಧದಲ್ಲಿ ವರ್ಷಗಟ್ಟಲೆ ನಿಧಾನವಾಗಿ ಇಳಿಯುವ ಈಸ್ಟ್ರೋಜನ್ ಇಲ್ಲಿ ಕೆಲವೇ ತಿಂಗಳುಗಳಲ್ಲಿ ಕುಸಿಯುತ್ತದೆ. ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಯಿದ್ದವರು ಆಮೇಲೆಯೂ 5ರಿಂದ 10 ವರ್ಷ ಮಾತ್ರೆ ನುಂಗಬೇಕಾಗುತ್ತದೆ. ಟ್ಯಾಮಾಕ್ಸಿಫೆನ್ ಎಂಬುದು ಸ್ತನದ ಜೀವಕೋಶಗಳ ಮೇಲೆ ಈಸ್ಟ್ರೋಜನ್ ಪ್ರಭಾವ ಬೀರದಂತೆ ತಡೆಯುತ್ತದೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ಅದರ ಉತ್ಪತ್ತಿಯನ್ನೇ ತಗ್ಗಿಸುತ್ತವೆ. ಯೋನಿಯ ಶುಷ್ಕತೆ ಮತ್ತು ನೋವು ಈ ಎರಡನೆಯ ಬಗೆಯಲ್ಲಿ ಹೆಚ್ಚು. ಒಮ್ಮೆ ನೋವುಂಡ ದೇಹ ಮುಂದಿನ ಸಲ ಹಿಂಜರಿಯದೆ ಇರುತ್ತದೆಯೇ? ಇದರ ಮೇಲೆ ಆಯಾಸ, ಶಸ್ತ್ರಕ್ರಿಯೆಯ ಕಲೆ, ಕನ್ನಡಿಯ ಮುಂದೆ ನಿಲ್ಲುವ ಸಂಕೋಚ ಬೇರೆ.

ಆದ್ದರಿಂದ ಮೊದಲು ನೋವಿಗೆ ಪರಿಹಾರ ಹುಡುಕಬೇಕು. ಆಸಕ್ತಿಯ ಮಾತು ಅನಂತರದ್ದು. ಔಷಧದಂಗಡಿಯಲ್ಲಿ ಹಾರ್ಮೋನಿಲ್ಲದ ಎರಡು ಬಗೆಯ ಜೆಲ್‌ಗಳು ದೊರೆಯುತ್ತವೆ. ಯೋನಿಯ ತೇವ ಕಾಯುವ ಮಾಯಿಶ್ಚರೈಸರನ್ನು ಮಿಲನವಿರಲಿ ಇಲ್ಲದಿರಲಿ ವಾರಕ್ಕೆ ಎರಡು ಮೂರು ಬಾರಿ ಬಳಸಬೇಕು. ಅದರ ಗುಣ ಕಾಣಲು ಕೆಲವು ವಾರಗಳೇ ಬೇಕು. ಲೂಬ್ರಿಕೆಂಟ್ ಎಂಬುದು ಮಿಲನದ ಹೊತ್ತಿಗೆ ಮಾತ್ರ. ಕೊಬ್ಬರಿ ಎಣ್ಣೆ ಕಾಂಡೋಮನ್ನು ಹಾಳುಮಾಡುತ್ತದೆಂಬುದು ನೆನಪಿರಲಿ. ಈಸ್ಟ್ರೋಜನ್ ಇರುವ ಕ್ರೀಮನ್ನು ಕ್ಯಾನ್ಸರ್ ತಜ್ಞರ ಒಪ್ಪಿಗೆಯಿಲ್ಲದೆ ಹಚ್ಚಕೂಡದು. ಶಕ್ತಿವರ್ಧಕವೆಂದು ನೆರೆಮನೆಯವರು ಕೊಡುವ ಶತಾವರಿ ಮುಂತಾದವುಗಳಿಗೂ ಇದೇ ಮಾತು. ಗಿಡಮೂಲಿಕೆಯಾದ ಮಾತ್ರಕ್ಕೆ ನಿರಪಾಯವೆನ್ನಲಾಗದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಆಸಕ್ತಿಯನ್ನು ತಗ್ಗಿಸುತ್ತವೆ. ಅವುಗಳಲ್ಲಿ ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್ ಟ್ಯಾಮಾಕ್ಸಿಫೆನ್ನಿನ ಕೆಲಸಕ್ಕೂ ಅಡ್ಡಿಯಾಗಬಲ್ಲವು. ಆದುದರಿಂದ ತಾವು ಸೇವಿಸುವ ಎಲ್ಲ ಔಷಧಗಳನ್ನೂ ವೈದ್ಯರಿಗೆ ತೋರಿಸಬೇಕು.

ಈ ತೊಂದರೆಗಳನ್ನು ತಾಳಲಾರದೆ, ಯಾರಿಗೂ ಹೇಳದೆ ಹಾರ್ಮೋನ್ ಮಾತ್ರೆಯನ್ನೇ ಬಿಟ್ಟುಬಿಡುವ ಮಹಿಳೆಯರಿದ್ದಾರೆ. ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಚಿಂತೆಗೀಡುಮಾಡುವುದು ಇದು. ಮಾತ್ರೆ ಬಿಟ್ಟರೆ ರೋಗ ಮರುಕಳಿಸುವ ಅಪಾಯ ಹೆಚ್ಚುತ್ತದೆ. ಹೇಳಿಕೊಂಡರೆ ವೈದ್ಯರು ಔಷಧವನ್ನು ಬದಲಿಸಬಹುದು, ಬಿಗಿದುಕೊಂಡ ಕಟಿತಳದ ಸ್ನಾಯುಗಳಿಗೆ ವ್ಯಾಯಾಮ ಕಲಿಸುವವರ ಬಳಿಗೋ ಆಪ್ತಸಮಾಲೋಚಕರ ಬಳಿಗೋ ಕಳುಹಿಸಬಹುದು.

ಪತಿಯಂದಿರಿಗೂ ಒಂದು ಮಾತು. ಕ್ಯಾನ್ಸರ್ ಸ್ಪರ್ಶದಿಂದಾಗಲಿ ಮಿಲನದಿಂದಾಗಲಿ ಹರಡುವುದಿಲ್ಲ. ಯಂತ್ರದಿಂದ ಹೊರಗಿನಿಂದ ಕೊಟ್ಟ ವಿಕಿರಣ ಆಕೆಯ ಮೈಯಲ್ಲಿ ಉಳಿದಿರುವುದೂ ಇಲ್ಲ. ಆಕೆಗೆ ನೋವಾದೀತೆಂದು ದೂರ ಮಲಗುವ ಪತಿಯನ್ನು ಕಂಡು, ತನ್ನ ರೂಪ ಕೆಟ್ಟಿತೆಂದೇ ಹೀಗೆ ಮಾಡುತ್ತಾನೆಂದು ಆಕೆ ನೊಂದುಕೊಳ್ಳುವುದುಂಟು. ಮುಂದಿನದೇನನ್ನೂ ಬಯಸದೆ ಕೈಹಿಡಿದು ಕುಳಿತ ಅರ್ಧ ಗಂಟೆಯೂ ಆಗ ದೊಡ್ಡದು. ಅನೇಕರಲ್ಲಿ ಆಸಕ್ತಿ ಮೊದಲು ಹುಟ್ಟುವುದಿಲ್ಲ, ಸಾಮೀಪ್ಯದ ಬೆನ್ನಿಗೆ ಬರುತ್ತದೆ. ಆದರೆ ಆಕೆ ಬೇಡವೆಂದರೆ ಅದು ಬೇಡವೇ. ಮುಟ್ಟು ನಿಂತಿದ್ದರೂ ಗರ್ಭ ನಿಲ್ಲುವ ಸಂಭವವಿದೆ. ಕಿಮೋಥೆರಪಿ ಮತ್ತು ಟ್ಯಾಮಾಕ್ಸಿಫೆನ್ ಎರಡೂ ಭ್ರೂಣಕ್ಕೆ ಹಾನಿಕರ. ಗರ್ಭನಿರೋಧಕ ಮಾತ್ರೆಗಳು ಇಂಥವರಿಗೆ ಸಲ್ಲವು. ಕಾಂಡೋಮ್ ಅಥವಾ ಕಾಪರ್-ಟಿ ಬಗ್ಗೆ ವೈದ್ಯರಲ್ಲಿ ವಿಚಾರಿಸಬೇಕು.

ಬಾಯಿಬಿಟ್ಟು ಹೇಳಲು ನಾಚಿಕೆಯೆನಿಸಿದರೆ ಒಂದು ಚೀಟಿ ಸಾಕು. ‘ಮಿಲನದಲ್ಲಿ ನೋವಿದೆ, ಆಸಕ್ತಿಯಿಲ್ಲ, ಮಾತ್ರೆ ಆರಂಭಿಸಿದ ಮೇಲೆ ಹೀಗಾಗಿದೆ’ ಎಂದಷ್ಟೇ ಬರೆದು, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ವೈದ್ಯರ ಅಥವಾ ಅಲ್ಲಿನ ದಾದಿಯ ಕೈಗೆ ಕೊಡಿ.