ಆತ್ಮಗೌರವವೂ ಒಣಹೆಮ್ಮೆಯೂ



ನಮ್ಮ ಊರಿನ ಲಕ್ಷ್ಮೀ ರಸ್ತೆಯಲ್ಲಿ ಸಾಲಾಗಿರುವ ಸರಾಫರ ಅಂಗಡಿಗಳನ್ನು ನೀವೆಲ್ಲರೂ ಕಂಡಿರುವಿರಿ. ಅಪ್ಪಟ ಬಂಗಾರವೂ ಗಿಲೀಟು ಹಾಕಿದ ಹಿತ್ತಾಳೆಯೂ ನೋಡುವ ಕಣ್ಣಿಗೆ ಒಂದೇ ತೆರನಾಗಿ ಹೊಳೆಯುತ್ತವೆ. ಒರೆಗಲ್ಲಿಗೆ ತಿಕ್ಕಿದಾಗಲೇ ಅವುಗಳ ಭೇದವು ಬಯಲಾಗುವುದು. ಮನುಷ್ಯನ ಮನಸ್ಸಿನಲ್ಲಿಯೂ ಹೀಗೆ ಒಂದೇ ತೆರನಾಗಿ ತೋರುವ ಎರಡು ಭಾವಗಳುಂಟು. ಒಂದು ಆತ್ಮಗೌರವ, ಇನ್ನೊಂದು ಒಣಹೆಮ್ಮೆ.

“ನನ್ನ ಪಾಲಿನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಬಲ್ಲೆನು, ತಿಳಿಯದುದನ್ನು ಕಲಿಯಬಲ್ಲೆನು” ಎಂಬ ಶಾಂತವಾದ ನಂಬಿಕೆಯೇ ಆತ್ಮಗೌರವ. “ನಾನು ಅವನಿಗಿಂತ ಮೇಲು” ಎಂಬ ಎಣಿಕೆಯೇ ಒಣಹೆಮ್ಮೆ. ಮೊದಲನೆಯದಕ್ಕೆ ಆಧಾರವು ತನ್ನ ದುಡಿಮೆ. ಎರಡನೆಯದಕ್ಕೆ ತನಗಿಂತ ಕೀಳಾದವನೊಬ್ಬನು ಸದಾ ಪಕ್ಕದಲ್ಲಿರಬೇಕು. ಇಲ್ಲವೇ ಹೊಗಳುವವನೊಬ್ಬನು ಎದುರಿಗಿರಬೇಕು. ಇವರಿಬ್ಬರೂ ಇಲ್ಲದೆಡೆ ಅದು ನೀರಿಲ್ಲದ ಸಸಿಯಂತೆ ಬಾಡಿಹೋಗುತ್ತದೆ.

ಈ ಭೇದವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಪೆಟ್ಟು ತಿಂದು ಕಲಿತೆವು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಮುಂದೆ ಶಿಕ್ಷಕವೃತ್ತಿಯನ್ನು ಹಿಡಿದು ಈ ಊರಿಗೆ ಬಂದ ಹೊಸತು. ಕನ್ನಡದಲ್ಲಿ ಜಡವಸ್ತುಗಳೆಲ್ಲವೂ ನಪುಂಸಕಲಿಂಗ. ಮರಾಠಿಯಲ್ಲಾದರೋ ಅವುಗಳಿಗೂ ಮೂರು ಲಿಂಗಗಳು. ಕುರ್ಚಿ ಸ್ತ್ರೀಲಿಂಗ, ಪುಸ್ತಕ ನಪುಂಸಕಲಿಂಗ. ಒಂದು ದಿನ ಅಂಗಡಿಯಲ್ಲಿ ನಾವು ತಪ್ಪು ಲಿಂಗದಿಂದ ಆಡಿದ ಮಾತನ್ನು ಅಂಗಡಿಯ ಅಜ್ಜನು ನಗುತ್ತ ತಿದ್ದಿದನು. “ನಾವು ಕನ್ನಡದ ಮಾಸ್ತರರು, ನಿಮ್ಮ ಭಾಷೆಯಿಂದ ನಮಗೇನಾಗಬೇಕಾಗಿದೆ?” ಎಂದು ಬಿರುಸಾಗಿ ನುಡಿದು ಹೊರಬಿದ್ದೆವು. ಇದೇ ಸ್ವಾಭಿಮಾನವೆಂದು ಅಂದು ಬೀಗಿದ್ದೆವು.

ಅದೇ ವಾರದಲ್ಲಿ ಬಸ್ಸಿನಲ್ಲಿ ಕುಳಿತಿದ್ದಾಗ ಊರಿನಿಂದ ತಾಯಿಯವರ ಫೋನು ಬಂದಿತು. ಸುತ್ತಲಿನವರು ಕೇಳಿಯಾರೆಂದು ನಾವು ಕನ್ನಡವನ್ನು ಪಿಸುಮಾತಿನಲ್ಲಿ ಆಡಿದೆವು. “ಯಾಕಪ್ಪಾ, ಆರಾಮ ಇಲ್ಲೇನು? ದನೀನ ಹೊರಡವಲ್ದು” ಎಂದು ತಾಯಿ ಕೇಳಿದಾಗ ನಮಗೆ ನಾಚಿಕೆಯಾಯಿತು. ಅಂಗಡಿಯಲ್ಲಿ ಕನ್ನಡದ ಹೆಸರಿನಲ್ಲಿ ಗರ್ಜಿಸಿದವರೂ ನಾವೇ, ಬಸ್ಸಿನಲ್ಲಿ ಕನ್ನಡವನ್ನು ಅಡಗಿಸಿದವರೂ ನಾವೇ! ಎರಡಕ್ಕೂ ಬೇರು ಒಂದೇ: ಇತರರ ಕಣ್ಣಿನಲ್ಲಿ ಸಣ್ಣವರಾದೇವೆಂಬ ಅಂಜಿಕೆ. ಮರುದಿನವೇ ಅಂಗಡಿಗೆ ಹೋಗಿ ಆ ಅಜ್ಜನ ಕ್ಷಮೆ ಬೇಡಿದೆವು. ಅಂದಿನಿಂದ ಅವನೇ ನಮ್ಮ ಮರಾಠಿಯ ಗುರು.

ನಿಜವಾದ ಆತ್ಮಗೌರವಕ್ಕೆ ಈ ಊರಿನಲ್ಲಿ ನಿದರ್ಶನಗಳು ಕಡಿಮೆಯಿಲ್ಲ. ಕರ್ವೆ ರಸ್ತೆಯ ಹೆಸರಿಗೆ ಕಾರಣರಾದ ಮಹರ್ಷಿ ಧೋಂಡೋ ಕೇಶವ ಕರ್ವೆಯವರು ಹದಿಹರೆಯದಲ್ಲಿ ಪರೀಕ್ಷೆಗೆಂದು ಕೊಂಕಣದ ಮುರುಡದಿಂದ ಘಟ್ಟ ಹತ್ತಿ ಸಾತಾರೆಗೆ ಕಾಲ್ನಡಿಗೆಯಲ್ಲಿ ಹೋದರು. ನೋಡಲು ತೀರ ಚಿಕ್ಕವನೆಂದು ಅಲ್ಲಿ ಅವರನ್ನು ಪರೀಕ್ಷೆಗೆ ಕೂಡಿಸಲಿಲ್ಲ. ಅವರು ಎದೆಗೆಡದೆ ಮತ್ತೆ ಓದಿದರು. 1893ರಲ್ಲಿ ವಿಧವೆಯನ್ನು ಮದುವೆಯಾದುದಕ್ಕಾಗಿ ಸ್ವಂತ ಊರೇ ಬಹಿಷ್ಕಾರ ಹಾಕಿತು. ಅವರು ಯಾರನ್ನೂ ಹಳಿಯಲಿಲ್ಲ, ತಮ್ಮ ಕಾರ್ಯವನ್ನೂ ಬಿಡಲಿಲ್ಲ; 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೇ ಸ್ಥಾಪಿಸಿದರು. 1958ರಲ್ಲಿ ಭಾರತರತ್ನವು ಅವರನ್ನು ಅರಸಿಕೊಂಡು ಬಂದಿತು.

ನಮ್ಮವರೇ ಆದ ಪಂಡಿತ ಭೀಮಸೇನ ಜೋಶಿಯವರನ್ನು ನೋಡಿರಿ. ಗದಗದ ಈ ಬಾಲಕನು ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಅರಸಿ ಮನೆಬಿಟ್ಟು ಹೊರಟನು. ಗ್ವಾಲಿಯರ್, ಜಾಲಂಧರಗಳನ್ನು ಅಲೆದು, ಕೊನೆಗೆ ಮನೆಯ ಸಮೀಪದ ಕುಂದಗೋಳದಲ್ಲಿಯೇ ಸವಾಯಿ ಗಂಧರ್ವರ ಶಿಷ್ಯನಾದನು. ಗುರುವಿನ ಮನೆಗೆ ನೀರು ಹೊತ್ತನು. ಹೊತ್ತ ಕೊಡದಿಂದ ಅವನ ಗೌರವವೇನೂ ಕುಗ್ಗಲಿಲ್ಲ. ಮುಂದೆ ಪುಣೆಯಲ್ಲಿ ನೆಲೆಸಿ, 1953ರಲ್ಲಿ ಸಂಗೀತ ಮಹೋತ್ಸವವನ್ನು ಆರಂಭಿಸಿದಾಗ ಅದಕ್ಕೆ ಗುರುವಿನ ಹೆಸರನ್ನಿಟ್ಟರು. ಶಿಷ್ಯನ ಹೆಸರು ಅದಕ್ಕೆ ಸೇರಿದ್ದು 2011ರಲ್ಲಿ, ಅವರು ತೀರಿಕೊಂಡ ಅನಂತರ. ತುಂಬಿದ ಕೊಡವು ತುಳುಕುವುದಿಲ್ಲ.

ಇನ್ನು ಒರೆಗಲ್ಲಿನ ಮಾತು. ನಿಮ್ಮೊಳಗಿರುವುದು ಬಂಗಾರವೋ ಗಿಲೀಟೋ ಎಂಬುದನ್ನು ಮೂರು ಪ್ರಶ್ನೆಗಳಿಂದ ಅರಿಯಬಹುದು. ಮೊದಲನೆಯದು: ತಪ್ಪನ್ನು ತೋರಿಸಿದಾಗ ತಿದ್ದಿಕೊಳ್ಳುವಿರೋ, ತೋರಿಸಿದವನ ಮೇಲೆ ಮುನಿಯುವಿರೋ? ಎರಡನೆಯದು: ಗೆಳೆಯನಿಗೆ ನಿಮಗಿಂತ ಹೆಚ್ಚು ಗುಣಗಳು ಬಂದಾಗ ಅವನೊಡನೆ ನಲಿಯುವಿರೋ, ಒಳಗೊಳಗೇ ಕುದಿಯುವಿರೋ? ಮೂರನೆಯದು: ಯಾರೂ ನೋಡದಿದ್ದಾಗಲೂ ಅದೇ ಶ್ರದ್ಧೆಯಿಂದ ಕೆಲಸ ಮಾಡುವಿರೋ? ಉತ್ತರವನ್ನು ನಮಗೆ ಹೇಳಬೇಕಾಗಿಲ್ಲ. ನಿಮಗೆ ನೀವೇ ಹೇಳಿಕೊಂಡರೆ ಸಾಕು. ಉತ್ತರವು ಕಹಿಯಾದರೂ ಎದೆಗುಂದಬೇಡಿರಿ. ಗಿಲೀಟನ್ನು ಗಿಲೀಟೆಂದು ಒಪ್ಪಿಕೊಂಡ ಕ್ಷಣವೇ ಬಂಗಾರದ ಮೊದಲ ಕಣವು ಕೈಗೆ ಬಂದಂತೆ.

“ಕನ್ನಡ ಶಾಲೆಯವನೇ?” ಎಂದು ಬೀದಿಯಲ್ಲಿ ಯಾರಾದರೂ ಕೇಳಿದಾಗ ನಿಮ್ಮಲ್ಲಿ ಕೆಲವರು ತಲೆ ತಗ್ಗಿಸುವುದನ್ನೂ, ಕೆಲವರು ಜಗಳಕ್ಕೆ ನಿಲ್ಲುವುದನ್ನೂ ನಾವು ಬಲ್ಲೆವು. ಎರಡೂ ಬೇಡ. ವರಕವಿ ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವೀಧರರಾದ ಅವರು ಕನ್ನಡದ ಮಹಾಕವಿಯಾದರು; ಮರಾಠಿಯಲ್ಲಿಯೂ ಬರೆದರು. ಒಂದನ್ನು ಪ್ರೀತಿಸಲು ಇನ್ನೊಂದನ್ನು ಹಳಿಯಬೇಕಾಗಲಿಲ್ಲ. ಆದುದರಿಂದ, “ಹೌದು, ಕನ್ನಡ ಶಾಲೆಯವನು” ಎಂದು ಸಹಜವಾದ ದನಿಯಲ್ಲಿ ನುಡಿಯಿರಿ. ಹಾಗೆ ನುಡಿದು, ಅಂದಿನ ಪಾಠವನ್ನು ಓದಲು ಕುಳಿತುಕೊಳ್ಳಿರಿ.