ಕಾಡುಗಳ ಊರಿನಲ್ಲಿ ದೇವರ ಮಂಜೂಷ

ಆಗಸ್ಟ್ 15 ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವ. ಅದರ ಹಿಂದಿನ ಸಂಜೆಯ ಬಲಿಪೂಜೆಯಲ್ಲಿ ನಾವು ಹಾಡುವುದು 132ನೆಯ ಕೀರ್ತನೆ. ಎಫ್ರಾತದಲ್ಲಿ ಸುದ್ದಿ ಕೇಳಿದವರು 'ಯಾಅರ್' ಎಂಬ ಬಯಲಿನಲ್ಲಿ ಯಾವುದನ್ನೋ ಕಂಡುಕೊಂಡರು ಎಂಬ ಮಾತು ಅದರಲ್ಲಿ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಹಾಡಿ ಮುಂದೆ ಸಾಗುತ್ತೇವೆ. ಅಲ್ಲಿ ಸಿಕ್ಕಿದ್ದು ಒಡಂಬಡಿಕೆಯ ಮಂಜೂಷ. ಊರಿನ ಪೂರ್ಣ ಹೆಸರು ಕಿರ್ಯತ್ ಯಾರೀಮ್.

ಹಿಬ್ರೂ ಭಾಷೆಯಲ್ಲಿ 'ಕಿರ್ಯತ್' ಎಂದರೆ ಊರು. 'ಯಾಅರ್' ಎಂದರೆ ಕಾಡು, ಅದರ ಬಹುವಚನ 'ಯಾರೀಮ್'. ಅಂದರೆ ಇದು ಕಾಡುಗಳ ಊರು. ಆದರೆ ಯೆಹೋಶುವನ ಗ್ರಂಥ ಇದಕ್ಕೆ ಇನ್ನೊಂದು ಹೆಸರನ್ನೂ ಕೊಡುತ್ತದೆ: ಕಿರ್ಯತ್‌ಬಾಳ್, ಬಾಳ್ ದೇವತೆಯ ಊರು! ಅಲ್ಲಿನ ಮೂಲನಿವಾಸಿಗಳು ಇಸ್ರಯೇಲರೂ ಅಲ್ಲ. ಹಳಸಿದ ರೊಟ್ಟಿ, ಹರಿದ ಕೆರ ತೋರಿಸಿ ಯೆಹೋಶುವನಿಂದ ಶಾಂತಿಯ ಮಾತು ಪಡೆದ ಗಿಬ್ಯೋನ್ಯರ ನಾಲ್ಕು ಊರುಗಳಲ್ಲಿ ಇದೂ ಒಂದು. ಇಂಥ ಊರಿಗೇ ದೇವರ ಮಂಜೂಷ ಬಂತು.

ಬಂದದ್ದಾದರೂ ಹೇಗೆ? ಯುದ್ಧದಲ್ಲಿ ಅದನ್ನು ಕಸಿದುಕೊಂಡ ಫಿಲಿಷ್ಟಿಯರು ಏಳು ತಿಂಗಳು ಇಟ್ಟುಕೊಂಡು, ವ್ಯಾಧಿಗೆ ಹೆದರಿ ಹಿಂದಕ್ಕೆ ಕಳುಹಿಸಿದರು. ಬೇತ್‌ಷೆಮೆಷಿನವರ ಬಳಿ ಅದು ನಿಂತಾಗ ಅಲ್ಲಿಯೂ ಸಾವು ಸಂಭವಿಸಿತು. ಅವರೂ ಹೆದರಿ, ಬಂದು ಕೊಂಡೊಯ್ಯಿರೆಂದು ಕಿರ್ಯತ್ ಯಾರೀಮಿನವರಿಗೆ ಹೇಳಿಕಳುಹಿಸಿದರು. ಯಾರಿಗೂ ಬೇಡವಾದುದನ್ನು ಈ ಊರಿನವರು ಹೊತ್ತು ತಂದರು. ಗುಡ್ಡದ ಮೇಲಿದ್ದ ಅಬೀನಾದಾಬನ ಮನೆಯಲ್ಲಿ ಅದನ್ನಿರಿಸಿ, ಕಾಯಲು ಅವನ ಮಗ ಎಲ್ಲಾಜಾರನನ್ನು ಪ್ರತಿಷ್ಠಿಸಿದರು.

ಹೀಗೇ 20 ವರ್ಷಗಳು ಕಳೆದವು ಎನ್ನುತ್ತದೆ ಸಮುವೇಲನ ಮೊದಲನೆಯ ಗ್ರಂಥ. ಆಮೇಲೆ ಸೌಲನ ಆಳ್ವಿಕೆಯೂ ಮುಗಿಯಿತು. ಸೌಲನ ಕಾಲದಲ್ಲಿ ನಾವು ಅದನ್ನು ವಿಚಾರಿಸಲೇ ಇಲ್ಲ ಎಂದು ದಾವೀದನೇ ಮುಂದೆ ಒಪ್ಪಿಕೊಳ್ಳುತ್ತಾನೆ. ಪಟ್ಟಾಭಿಷೇಕ ನಡೆಯಿತು, ಯುದ್ಧಗಳು ನಡೆದವು. ದೇವರ ಸಾನ್ನಿಧ್ಯದ ಗುರುತು ಮಾತ್ರ ಗುಡ್ಡದ ಮೇಲಿನ ಒಂದು ಮನೆಯಲ್ಲಿತ್ತು. ಆ ವರ್ಷಗಳಲ್ಲಿ ಎಲ್ಲಾಜಾರನು ಏನು ಮಾಡಿದನು? ಪವಿತ್ರ ಗ್ರಂಥ ಒಂದು ಮಾತನ್ನೂ ಹೇಳುವುದಿಲ್ಲ.

ದಾವೀದನು ಮಂಜೂಷವನ್ನು ಜೆರುಸಲೇಮಿಗೆ ತರಲು ಹೊರಟಾಗ ದಾರಿಯಲ್ಲಿ ಉಜ್ಜನು ಸತ್ತನು. ಇದು ನನ್ನ ಬಳಿಗೆ ಬರುವುದಾದರೂ ಹೇಗೆಂದು ಭಯಪಟ್ಟ ದಾವೀದನು ಅದನ್ನು ಓಬೇದೆದೋಮನ ಮನೆಯಲ್ಲಿ ಮೂರು ತಿಂಗಳು ಬಿಟ್ಟನು. ಹಬ್ಬದ ದಿನದ ಶುಭಸಂದೇಶವನ್ನು ಇದರ ಪಕ್ಕದಲ್ಲಿಟ್ಟು ಓದೋಣ. ಮರಿಯಮ್ಮನವರು ಹೊರಟದ್ದು ಯೂದಾಯದ ಗುಡ್ಡನಾಡಿಗೆ. ಪ್ರಭುವಿನ ತಾಯಿ ನನ್ನ ಬಳಿಗೆ ಬರುವುದೇ ಎಂದು ಎಲಿಜಬೇತಮ್ಮ ಬೆರಗಾಗುತ್ತಾರೆ. ದಾವೀದನು ಮಂಜೂಷದ ಮುಂದೆ ಕುಣಿದನು. ಇಲ್ಲಿ ಗರ್ಭದ ಕೂಸು ನಲಿದಾಡಿತು. ಮರಿಯಮ್ಮನವರು ಅಲ್ಲಿ ಉಳಿದದ್ದು ಸುಮಾರು ಮೂರು ತಿಂಗಳು. ಸಂತ ಲೂಕರು ಹಳೆಯ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದರೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ನಮಗೂ ಹಾಗೆಯೇ ತೋರುತ್ತದೆ. ದೈವಮಾತೆಯ ಪ್ರಾರ್ಥನಾಮಾಲೆಯಲ್ಲಿ ನಾವು ಅವರನ್ನು 'ಒಡಂಬಡಿಕೆಯ ಮಂಜೂಷ' ಎಂದು ಕರೆಯುವುದು ಬರಿಯ ಅಲಂಕಾರವಲ್ಲ. 1950ರ ನವೆಂಬರ್ 1ರಂದು ಹನ್ನೆರಡನೆಯ ಭಕ್ತಿನಾಥ ಪೋಪರು ಸ್ವರ್ಗಸ್ವೀಕಾರವನ್ನು ವಿಶ್ವಾಸಸತ್ಯವೆಂದು ಘೋಷಿಸಿದ ಪತ್ರದಲ್ಲಿಯೂ ಇದೇ 132ನೆಯ ಕೀರ್ತನೆಯ ಮಂಜೂಷದ ಪ್ರಸ್ತಾಪವಿದೆ.

ಜೆರುಸಲೇಮಿನ ಪಶ್ಚಿಮಕ್ಕೆ, ಅಬು ಘೋಷ್ ಎಂಬ ಅರಬ್ ಊರಿನ ಪಕ್ಕದ ಗುಡ್ಡವೇ ಕಿರ್ಯತ್ ಯಾರೀಮ್ ಎಂದು ಗುರುತಿಸಲಾಗಿದೆ. 2017ರಲ್ಲಿ ಆರಂಭವಾದ ಉತ್ಖನನದಲ್ಲಿ ಅಲ್ಲಿ ಭಾರಿ ಕಲ್ಲುಗೋಡೆಗಳು ಕಂಡುಬಂದವು. ಐದನೆಯ ಶತಮಾನದ ದೇವಾಲಯದ ಅವಶೇಷಗಳ ಮೇಲೆ 1924ರಲ್ಲಿ ಕಟ್ಟಿದ ದೇವಾಲಯ ಅಲ್ಲಿದೆ. ಅದರ ಮೇಲೆ ಬಾಲಯೇಸುವನ್ನು ಎತ್ತಿಕೊಂಡ ಮಾತೆಯ ಪ್ರತಿಮೆ. ಅವರ ಪಾದಗಳ ಕೆಳಗೆ ಮಂಜೂಷ. ಆ ಗುಡ್ಡದ ಅರಬ್ಬಿ ಹೆಸರು ದೇರ್ ಎಲ್ ಅಜರ್. 'ದೇರ್' ಎಂದರೆ ಮಠ; 'ಅಜರ್' ಎಂಬುದು ಎಲ್ಲಾಜಾರನ ಹೆಸರೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಮೆರವಣಿಗೆ ಮಾಡಿಸಿದ ಅರಸನ ಹೆಸರು ಆ ಗುಡ್ಡಕ್ಕೆ ಬರಲಿಲ್ಲ.